ಆಂಪಿನ ಹಿಂದೆ ಕೂತವಳು

ನಾನು ಹೇಳುವುದರಲ್ಲಿ ಮುಕ್ಕಾಲು ಪಾಲು ಬುರುಡೆ ಅಂತ ನಮ್ಮ ಮನೆಯವರೇ ಸಾರಿಕೊಂಡು ಬರುತ್ತಾರೆ. ಇರಲಿ. ಇದು ಉಳಿದ ಪಾಲಿನದು. ನಮ್ಮ ದೊಡ್ಡಪ್ಪನ ಮಗ ತಂತಿಯಣ್ಣನಿಗೆ ಆದದ್ದು.

ಅವತ್ತು ರಾತ್ರಿ ಹತ್ತೂವರೆ. ತಂತಿಯಣ್ಣ ಪಾಳುಬಾವಿ ದಾಟಿ ಮನೆಗೆ ಬರುತ್ತಿದ್ದ. ಚೀಲದಲ್ಲಿ ಗಿಟಾರಿಗೆ ಜೋಡಿಸಿ ಕಾಲಲ್ಲಿ ಮೆಟ್ಟುವ ಹೊಸ ಪೆಡಲ್. ಹಿಂದಿನಿಂದ ಒಂದು ಸದ್ದು... ಟಕ್.

ನಿಂತ. ಏನೂ ಇಲ್ಲ. ನಡೆದ... ಟಕ್.

ಅಣ್ಣ ಧೈರ್ಯವಂತ, ನನ್ನಷ್ಟಲ್ಲದಿದ್ದರೂ. ಆದರೆ ಆ ಸದ್ದು ಅವನಿಗೆ ಗೊತ್ತು. ಸತ್ತು ಮೂರು ತಿಂಗಳಾದ ಅತ್ತಿಗೆ ಒತ್ತುತ್ತಿದ್ದ ಸ್ವಿಚ್ಚಿನದು.

ಅವನು ಗಿಟಾರ್ ನುಡಿಸುವ ಸಭಾಂಗಣದಲ್ಲಿ ಒಂದು ಹಳೇ ಆಂಪು, ಗಿಟಾರಿನ ದನಿ ಹಿಗ್ಗಿಸುವ ಯಂತ್ರ. ಅದರೊಳಗೇ ದನಿ ನಡುಗಿಸುವ ಟ್ರೆಮೊಲೊ. ಸ್ವಿಚ್ ಒತ್ತಿದರೆ ಗಿಟಾರಿನ ದನಿ ವುಂ... ವುಂ... ವುಂ ಎಂದು ಏರಿಳಿಯುತ್ತಿತ್ತು, ಮಲಗಿದವರ ಉಸಿರಿನ ಹಾಗೆ. ಸ್ವಿಚ್ಚಿನ ತಂತಿ ಮೂರೇ ಮೊಳ. ಆಂಪು ಹಿಂದೆ, ಮೈಕು ಮುಂದೆ. ಅಣ್ಣ ಹಾಡುತ್ತಾ ನುಡಿಸುವವನು, ಮೈಕು ಬಿಟ್ಟು ಬರುವಂತಿಲ್ಲ. ಹಾಗಾಗಿ ಅತ್ತಿಗೆ ಇಪ್ಪತ್ತೆರಡು ವರ್ಷ ಆಂಪಿನ ಹಿಂದೆ ಕೂತು, ಬೇಕಾದ ಸಾಲಿಗೆ ಕಾಲಲ್ಲಿ ಒತ್ತಿ, ಸಾಕಾದ ಸಾಲಿಗೆ ನಿಲ್ಲಿಸುತ್ತಿದ್ದಳು.

ಕಾರ್ಯಕ್ರಮದ ಕೊನೆಗೆ ಮೈಕಿನಲ್ಲಿ ಎಲ್ಲರ ಹೆಸರೂ ಬರುತ್ತಿತ್ತು, ಪರದೆ ಎಳೆಯುವವನದೂ. ಒಮ್ಮೆ ಅತ್ತಿಗೆ ಕೇಳಿದಳು, "ನನ್ನ ಹೆಸರೂ ಒಂದ್ಸಲ ಹೇಳ್ರೀ."

"ಸ್ವಿಚ್ ಒತ್ತಿದವರಿಗೆಲ್ಲ ಹೆಸರಾ? ನಾಳೆ ಫ್ಯಾನ್ ಹಾಕಿದವನೂ ಚಪ್ಪಾಳೆ ಕೇಳ್ತಾನೆ!" ಅಣ್ಣ ನಕ್ಕ. ಅವಳು ಮತ್ತೆ ಕೇಳಲಿಲ್ಲ. ಜ್ವರ ಬಂತು, ಹೋದಳು.

ಸಭಾಂಗಣದ ಮ್ಯಾನೇಜರ್ ಮೂರು ತಿಂಗಳು ಸುಮ್ಮನಿದ್ದ. ಆಮೇಲೆ, "ನಿನ್ನ ಗಿಟಾರು ಸಪ್ಪೆ ಆಯ್ತಲ್ಲಯ್ಯಾ. ಶನಿವಾರ ಆ ನಡುಕ ಬರ್ಲೇಬೇಕು. ಇಲ್ದಿದ್ರೆ ನಿನ್ನ ಜಾಗಕ್ಕೆ ಹೊಸಬ" ಎಂದ.

ಅದಕ್ಕೇ ಅಣ್ಣ ಅವತ್ತು ಗಿಟಾರಿನ ಅಂಗಡಿಗೆ ಹೋದದ್ದು. ಅಂಗಡಿಯವನು ಒಂದು ಪೆಡಲ್ಲು, ಅಂಥದ್ದೇ ಒಂದು ಆಂಪು, ಎರಡನ್ನೂ ಕೇಳಿಸಿದ. "ಪೆಡಲ್ಲು ಕತ್ತರಿ, ಕಚ್ ಕಚ್ ಅಂತ ಕತ್ತರಿಸುತ್ತೆ. ಆಂಪಿನದ್ದು ಉಯ್ಯಾಲೆ. ಆಂಪೇ ಇರ್ಲಿ ಸಾರ್, ಸ್ವಿಚ್ಚಿಗೆ ಉದ್ದ ತಂತಿ ಹಾಕ್ಕೊಡ್ತೀನಿ. ಹತ್ತು ನಿಮಿಷದ ಕೆಲಸ. ಇಷ್ಟು ವರ್ಷ ಯಾಕೆ ಹಾಕಿಸ್ಲಿಲ್ಲ?"

ಅಣ್ಣನ ಮುಖ ಕೆಂಪಾಯ್ತು. "ಪೆಡಲ್ಲೇ ಕೊಡಿ. ಅವಳು ಮಾಡ್ತಿದ್ದ ಕೆಲಸ ಇಷ್ಟಗಲದ ಡಬ್ಬಿ ಮಾಡುತ್ತೆ."

ಈಗ ಬಾವಿಯ ಹತ್ತಿರ... ಟಕ್.

"ಯಾರು?" ಪಿಸುಗುಟ್ಟಿದ.

"ಇಲ್ಲಿ ಯಾರೂ ಕೇಳೋರಿಲ್ಲ..." ಬಾವಿಯ ಕಡೆಯಿಂದ ಅತ್ತಿಗೆಯದೇ ದನಿ. "ಇಲ್ಲಾದ್ರೂ ಹೇಳ್ರೀ."

ಹೇಳಬೇಕಾದದ್ದು ಒಂದು ಹೆಸರು. ಅಷ್ಟೇ. ಅಣ್ಣ ಹಲ್ಲು ಕಚ್ಚಿಕೊಂಡು ನಡೆದುಬಿಟ್ಟ.

ಶನಿವಾರ ಪೆಡಲ್ ಮೆಟ್ಟಿದ. ಯಾವ ಸಾಲಿಗೆ ಮೆಟ್ಟಬೇಕು, ಯಾವುದಕ್ಕೆ ನಿಲ್ಲಿಸಬೇಕು... ಗೊತ್ತಿಲ್ಲ! ಇಪ್ಪತ್ತೆರಡು ವರ್ಷ ನುಡಿಸಿದವನಿಗೆ ಗೊತ್ತಿಲ್ಲ! ಡ್ರಮ್ಮಿನವನು ಹಲ್ಲು ಕಡಿದ. ಮುಂದಿನ ಸಾಲಿನವರು ನಕ್ಕರು. ಜಾಗ ಹೋಯಿತು.

ಮರುವಾರ ಹೊಸಬನ ಸರದಿ. ಅವನೂ ಮುಗ್ಗರಿಸಲಿ ಅಂತ ಅಣ್ಣ ಹೋಗಿ ಕೊನೇ ಸಾಲಿನಲ್ಲಿ ಕೂತ. ಹೊಸಬನ ಹತ್ತಿರ ಪೆಡಲ್ ಇಲ್ಲ. ಆಂಪಿನ ಸ್ವಿಚ್ಚನ್ನು ಅಣ್ಣ ಜಾಗ ಹೋದ ದಿನವೇ ಕಿತ್ತು ತಂದು ಮನೆಯ ಪೆಟ್ಟಿಗೆಯಲ್ಲಿಟ್ಟಿದ್ದ. ಆದರೂ ಎರಡನೇ ಸಾಲಿಗೆ... ಟಕ್. ವುಂ... ವುಂ... ಕೂದಲೆಳೆಯಷ್ಟೂ ತಪ್ಪಿಲ್ಲ.

ಹಾಡು ಮುಗಿದ ಮೇಲೆ ಹೊಸಬ ಮೈಕಿನಲ್ಲಿ, "ಹಿಂದೆ ಕೂತು ಸ್ವಿಚ್ ಒತ್ತಿದ ಅಮ್ಮನಿಗೆ ಚಪ್ಪಾಳೆ! ಹೆಸರು ಕೇಳ್ದೆ... ಕೊನೇ ಸಾಲಲ್ಲಿ ಕೂತಿರೋರಿಗೆ ಗೊತ್ತು ಅಂದ್ರು" ಎಂದ.

ಇನ್ನೂರು ತಲೆ ಹಿಂದಕ್ಕೆ ತಿರುಗಿದವು. ಅಣ್ಣ ಎದ್ದ. ಬಾಯಿ ತೆರೆದ...

"ನಂಗೊತ್ತಿಲ್ಲ."

ಟಕ್.

ಅಲ್ಲಿಂದೀಚೆಗೆ ಆ ಆಂಪಿನ ದನಿ ನಡುಗಿಲ್ಲ. ರಿಪೇರಿಯವನು ಬಿಚ್ಚಿ ನೋಡಿದ, ಎಲ್ಲ ಸರಿಯಿದೆ ಅಂತಾನೆ.

ನಂಬದಿದ್ದರೆ ಬಿಡಿ, ನಡೆದದ್ದು ನಡೆದದ್ದೇ. ವೇದಿಕೆಯ ಹಲಗೆಗೆ, ಹೊಸಬ ನುಡಿಸಿದ ಹಿಂದಿನ ದಿನವಷ್ಟೇ, ಹಸಿರು ಬಣ್ಣ ಹೊಡೆದಿದ್ದರು. ಮರುದಿನ ಕಸ ಗುಡಿಸುವಾಕೆ ನನ್ನನ್ನು ಕರೆದು ತೋರಿಸಿದಳು. ಆಂಪಿನ ಹಿಂದೆ, ಕಾಲಿನ ಐದು ಬೆರಳು ಊರಿದಷ್ಟು ಜಾಗದಲ್ಲಿ, ಬಣ್ಣ ಸವೆದು ಮರ ಕಾಣುತ್ತಿತ್ತು. ನಾನೇ ಕೈಯಿಟ್ಟು ನೋಡಿದ್ದೇನೆ... ನುಣ್ಣಗಿತ್ತು.