ಸಬೀನಾಳ ಕಾವಲು ಪಾಳಿ

ನಮ್ಮೂರಿನ ಹಳೆಯ ಪದ್ಧತಿಗಳನ್ನೆಲ್ಲ ಒಂದು ಪುಸ್ತಕ ಮಾಡಬೇಕೆಂದು ಚರ್ಚಿನ ಪಕ್ಕದ ಸಭಾಮನೆಯಲ್ಲಿ ನಾವು ಏಳು ಜನ ಸೇರಿದ್ದೆವು. ನವೆಂಬರ್ ತಿಂಗಳು. ಐರ್ಲೆಂಡಿನ ನಮ್ಮ ಮೇಯೋ ಸೀಮೆಯ ಮಳೆ ಕಡಲ ಕಡೆಯಿಂದ ಅಡ್ಡಡ್ಡ ಬೀಸಿ ಕಿಟಕಿಗೆ ಬಡಿಯುತ್ತಿತ್ತು. ನಾಲ್ಕೂವರೆಗೇ ಕತ್ತಲಾಯಿತು, ಐದಕ್ಕೆ ಕರೆಂಟೂ ಹೋಯಿತು. ಒಲೆಗೆ ಜೌಗುನೆಲದಿಂದ ಕಡಿದು ಒಣಗಿಸಿದ ಇನ್ನೆರಡು ಟರ್ಫ್ ಹೆಂಟೆ ಹಾಕಿ ಎಲ್ಲರೂ ಹತ್ತಿರ ಸರಿದೆವು. ಅಧ್ಯಕ್ಷೆ ಯೂನಿಸ್ ಲಾಫ್ಟಸ್ ಟಾರ್ಚ್ ಹಿಡಿದು ತಾನು ಬರೆದದ್ದನ್ನು ಓದಿದಳು: "ಸ್ಮಶಾನದಲ್ಲಿ ಕೊನೆಗೆ ಮಣ್ಣಾದವರ ಆತ್ಮ ಮುಂದಿನ ಹೆಣ ಬರುವವರೆಗೂ ಅಲ್ಲಿ ಕಾವಲಿರಬೇಕು. ಹಾಗಾಗಿ ಒಂದೇ ದಿನ ಎರಡು ಹೆಣ ಹೊರಟರೆ, ತಮ್ಮದೇ ಮೊದಲು ಒಳಗೆ ಹೋಗಲೆಂದು ಜನ ಓಡುತ್ತಿದ್ದರು. ಎಷ್ಟು ಮುದ್ದಾದ ನಂಬಿಕೆ!"

ಮೂಲೆಯಲ್ಲಿ ಕೂತಿದ್ದ ಎಂಬತ್ತೆರಡರ ಅಜ್ಜಿ ಡೆಲಿಯಾ ಗಾನ್ ಟೀ ಕಪ್ಪನ್ನು ಮೇಜಿನ ಮೇಲೆ ಕುಕ್ಕಿದಳು.

"ಮುದ್ದಾದ ನಂಬಿಕೆಯಂತೆ! ಯಾರಿಗೆ ಮುದ್ದು? ಕೂತ್ಕೋ ಯೂನಿಸ್, ಆ ಕಾಗದ ಕೆಳಗಿಡು. ಎಲ್ಲಾರೂ ಕೇಳ್ರಪ್ಪಾ... ನಮ್ಮಮ್ಮ ಸಬೀನಾನ ನೀವು ಯಾರೂ ಕಂಡಿಲ್ಲ, ಎಲ್ಲ ಆಮೇಲೆ ಹುಟ್ಟಿದೋರು. ಈ ಯೂನಿಸ್‌ಳ ತಾತ ಮಾರ್ಟಿನ್ ಲಾಫ್ಟಸ್ ಮನೇಲಿ ಮೂವತ್ತು ವರ್ಷ ನೀರು ಹೊತ್ತಳು. ಗುಡ್ಡದ ಕೆಳಗಿನ ಬಾವಿಯಿಂದ ಮೇಲಿನ ಮನೆಗೆ, ಮಳೇಲಿ, ಮಂಜಲ್ಲಿ, ನಾನು ಹೊಟ್ಟೇಲಿದ್ದಾಗ್ಲೂ ಬಿಡದ ಹಾಗೆ... ಆ ಮುದುಕ ಒಂದು ಗುಟುಕು ಕುಡಿದು, 'ತಣ್ಣಗಿಲ್ಲ, ಬೇರೆ ತಗೊಂಬಾ' ಅಂತ ಚೆಲ್ಲೋನು. ಕಣ್ಣಾರೆ ಕಂಡಿದ್ದೀನಿ.

"ಅಮ್ಮ, ಆ ಮುದುಕ, ಇಬ್ರೂ ಒಂದೇ ವಾರ ಜ್ವರದಲ್ಲಿ ಹೋದ್ರು. ಒಂದೇ ದಿನ ಮಣ್ಣು. ನಮ್ಮ ಕಡೆ ನಾಲ್ಕು ಜನ ಪೆಟ್ಟಿಗೆ ಹೊತ್ಕೊಂಡು ಹೊರಟ್ರು, ಮುಂದಿದ್ದೋರು ನಾವೇ! ಲಾಫ್ಟಸ್ ಮನೆಯೋರು ಅರ್ಧ ಮೈಲಿ ಹಿಂದೆ. ಆದ್ರೆ ನಾಲ್ಕು ದಾರಿ ಕೂಡೋ ಕಡೆ ಹೆಣ ಇಳಿಸಿ ಪ್ರಾರ್ಥನೆ ಹೇಳ್ಬೇಕಲ್ಲ? ಹೊತ್ತೋರಲ್ಲಿ ಹಿರಿಯ, ಕಮ್ಮಾರ ಫೆಸ್ಟಸ್, 'ಇವತ್ತೊಂದಿನ ಬೇಡ ಕಣಮ್ಮಾ ಡೆಲಿಯಾ, ಹಿಂದೆ ಬರ್ತಾವ್ರೆ, ನಡೀ' ಅಂದ. ನಾನು ಕೇಳ್ಲಿಲ್ಲ. ಬದುಕಿದ್ದಾಗ ಅವಳಿಗೆ ಯಾವ್ದೂ ಸರಿಯಾಗಿ ಸಿಗ್ಲಿಲ್ಲ, ಇದಾದ್ರೂ ಕ್ರಮವಾಗಿ ಆಗ್ಲಿ ಅಂತ... ಇಳಿಸಿ ಅಂದೆ. ನಾನೇ ಅಂದೆ, ನನ್ನ ಬಾಯಿಗಿಷ್ಟು ಬೆಂಕಿ ಹಾಕ!

"ನಾವು ಮಂಡಿಯೂರಿ ಕಣ್ಣು ಮುಚ್ಚಿದ್ದೇ ತಡ, ಅವರು ದಾರಿ ಬಿಟ್ಟು ಹೊಲದಲ್ಲಿ ಅಡ್ಡ ನುಗ್ಗಿದ್ರು. ಎದ್ದು ನೋಡ್ತೀನಿ, ಈ ಯೂನಿಸ್‌ಳ ಅಪ್ಪ ಆಂಬ್ರೋಸ್ ಸ್ಮಶಾನದ ಹಿಂದಿನ ಗೋಡೆ ಹತ್ತಿ ಕೂತು, ಹೆತ್ತಪ್ಪನ ಪೆಟ್ಟಿಗೇನ ಆಲೂಗಡ್ಡೆ ಮೂಟೆ ಥರ ಒಳಕ್ಕೆ ಎಳ್ಕೋತಿದ್ದಾನೆ! ಪಾದ್ರಿ ಏನಂದ್ರು ಗೊತ್ತಾ? 'ಯಾರು ಮೊದಲಾದ್ರೇನು ಮಗಳೇ, ಎಲ್ಲ ಮೂಢನಂಬಿಕೆ.' ಮೂಢನಂಬಿಕೆ ಆಗಿದ್ರೆ ಅವನ್ಯಾಕೆ ಗೋಡೆ ಹತ್ತಿದ? ಹೇಳಿ, ಯಾಕೆ ಹತ್ತಿದ?

"ಹೋಗ್ಲಿ, ಇನ್ನೊಬ್ರು ಸತ್ರೆ ಅಮ್ಮನ ಪಾಳಿ ಮುಗಿಯುತ್ತೆ ಅಂದ್ಕೊಂಡೆ. ಎಂಟನೇ ದಿನ ಕಚೇರಿಯೋರು ಬಂದು, ಜಾಗ ತುಂಬಿದೆ, ಇನ್ಮೇಲೆ ಹೊಸ ಸ್ಮಶಾನಕ್ಕೆ ಹೋಗಿ ಅಂತ ಗೇಟಿಗೆ ಬೀಗ ಜಡಿದ್ರು. ಅಲ್ಲಿಗೆ ಕೊನೆಯವಳು ಅವಳೇ ಆದ್ಲು... ಅರವತ್ತು ವರ್ಷದಿಂದ ಅವಳೇ!

"ಕಾವಲು ಅಂದ್ರೆ ಸುಮ್ನೆ ನಿಂತಿರೋದು ಅಂದ್ಕೊಂಡ್ರಾ? ಸತ್ತ ಮೇಲೆ ಪಾಪ ಕಳೆಯೋ ಬೇಗೇಲಿ ಬೇಯ್ತಿರೋ ಆತ್ಮಗಳಿಗೆಲ್ಲ ನೀರು ತಂದು ಕೊಡ್ಬೇಕು. ಮೊದಲನೇ ಚಳಿಗಾಲದಲ್ಲೇ ಕಂಡೆ. ಅದೇ ಬಾವಿ, ಹೊತ್ತು ಮುಳುಗೋ ಹೊತ್ತು. ಮಣ್ಣಿಗಿಡುವಾಗ ತೊಡಿಸಿದ್ದ ಕಂದು ನಿಲುವಂಗಿ, ಅಂಚೆಲ್ಲ ಒದ್ದೆ, ಕೈಯಲ್ಲಿ ಬಕೆಟ್... ಹೆದರಿಕೆ ಆಗ್ಲಿಲ್ವಾ ಅಂತೀರಾ? ಹೆತ್ತಮ್ಮ ಕಣ್ರೋ! 'ಯಾರಾದ್ರೂ ಬಂದ್ರಾ ಡೆಲಿಯಾ?' ಅಂದ್ಲು. ಇಲ್ಲಮ್ಮ ಅಂದೆ. 'ಮುದುಕ ಮತ್ತೆ ತಣ್ಣಗಿಲ್ಲ ಅಂತಾನೆ' ಅಂತ ಬಗ್ಗಿ ನೀರು ತುಂಬ್ಕೊಂಡ್ಲು. ಸತ್ತ ಮೇಲೂ ಅವನದೇ ಜೀತ! ಆವತ್ತಿಂದ ದಿನಾ ಹೋಗ್ತೀನಿ, ದಿನಾ ಅದೇ ಪ್ರಶ್ನೆ, ದಿನಾ ಅದೇ ಉತ್ತರ. ನನ್ನ ಹೊಟ್ಟೆ ಎಷ್ಟು ಉರೀಬೇಡ?"

ಯೂನಿಸ್ ಕಾಗದಗಳನ್ನು ಚೀಲಕ್ಕೆ ತುಂಬತೊಡಗಿದಳು. ಡೆಲಿಯಜ್ಜಿ ಅವಳ ಕಡೆ ತಿರುಗಿದಳು.

"ನಾನು ಸತ್ರೆ ಅಲ್ಲೇ ಹಾಕಿ ಅಂತ ಅರ್ಜಿ ಕೊಟ್ಟೆ. ಆಗಲ್ಲ ಅಂದ್ರು. ಅಲ್ಲಿ ಉಳಿದಿರೋದು ಒಂದೇ ಜಾಗ, ನಿಮ್ಮ ಮನೆತನದ ಕಲ್ಲುಗೋರೀಲಿ. ನಿಮ್ಮಪ್ಪ ಹಾಸಿಗೆ ಹಿಡಿದು ತಿಂಗಳಾಯ್ತು. ಕಾಲ ಬಂದಾಗ ಅವನನ್ನ ಅವರಪ್ಪನ ಪಕ್ಕ ಮಲಗಿಸು ಯೂನಿಸ್. ಪಾಳಿ ಅವನಿಗೆ ಬರುತ್ತೆ, ನಮ್ಮಮ್ಮನಿಗೆ ಬಿಡುಗಡೆ. ನಾನು ಕೇಳೋದು ಅಷ್ಟೇ."

"ಆಗಲ್ಲ ಅಜ್ಜಿ," ಎಂದಳು ಯೂನಿಸ್, ತಲೆ ಎತ್ತದೆ. "ಎಲ್ಲಿ ಬೇಕಾದ್ರೂ ಹೂಳು, ಅಲ್ಲಿ ಮಾತ್ರ ಬೇಡ ಅಂತ ಅಪ್ಪ ಬೈಬಲ್ ಮುಟ್ಟಿಸಿ ಆಣೆ ಹಾಕಿಸ್ಕೊಂಡಿದ್ದಾರೆ."

"ಕೇಳಿದ್ರಾ? ಅವನಿಗೂ ಗೊತ್ತು! ಆ ಆಣೆ ಸುದ್ದಿ ನಿನ್ನೇನೇ ನನ್ನ ಕಿವಿಗೆ ಬಿತ್ತು. ಮೈಯೆಲ್ಲ ಉರ್ಕೊಂಡು ಬಾವಿ ಹತ್ರ ಹೋದೆ. 'ಯಾರಾದ್ರೂ ಬಂದ್ರಾ?' ಅಂದ್ಲು ಅಮ್ಮ. 'ಬರ್ಬೇಕಾದೋನು ಆಂಬ್ರೋಸ್. ಬರಲ್ಲ ಅಂತ ಆಣೆ ಹಾಕಿಸ್ಕೊಂಡಿದ್ದಾನಮ್ಮ' ಅಂದೆ. ಅವಳು ಒಂದು ಗಳಿಗೆ ನನ್ನೇ ನೋಡಿದ್ಲು... ಆಮೇಲೆ ಬಕೆಟ್ ಕೆಳಗಿಟ್ಲು. ಅರವತ್ತು ವರ್ಷದಲ್ಲಿ ಒಂದು ಸಲಾನೂ ಕೆಳಗಿಟ್ಟೋಳಲ್ಲ."

ಅಜ್ಜಿ ಕೋಲು ಊರಿ ಎದ್ದಳು.

"ಈವತ್ತು ಇಲ್ಲಿಗೆ ಬರೋ ದಾರೀಲಿ ನೋಡ್ಕೊಂಡೇ ಬಂದೆ. ಬಕೆಟ್ ಖಾಲಿ ಬಿದ್ದಿದೆ. ಅವಳಿಲ್ಲ. ಯೂನಿಸ್, ಈಗ ಮನೇಲಿ ನಿಮ್ಮಪ್ಪನ ಜೊತೆ ಯಾರಿದ್ದಾರೆ?"

"ನರ್ಸ್ ಐದಕ್ಕೆ ಹೋಗ್ತಾಳೆ," ಎಂದಳು ಯೂನಿಸ್. "ನಾನು ಹೋಗೋವರೆಗೆ ಯಾರೂ ಇರಲ್ಲ."

"ಇದ್ದಾಳೆ," ಎಂದಳು ಡೆಲಿಯಜ್ಜಿ.