ಬಾವಿ ಹತ್ತಿರ ಒಂದೇ ಏಟು

ಯಾರಾದ್ರೂ ಕಿಸಕ್ಕಂದ್ರೆ ಎದ್ದು ಹೋಗ್ತೀನಿ, ಅಷ್ಟೇ. ಇದು ನಮ್ಮಕ್ಕನ ಗಂಡನಿಗೇ ಆಗಿದ್ದು.

ಭಾವನಿಗೆ ಆಕಾಶದ ರೇಡಿಯೋ ಅಲೆ ಹಿಡಿಯೋ ದೊಡ್ಡ ಡಿಶ್ ಹತ್ತಿರ ಕೆಲಸ. ಕ್ವೇಸಾರ್ ಅಂತ ರೇಡಿಯೋ ಅಲೆ ಉಗುಳೋ ಚುಕ್ಕಿಗಳು ಇರ್ತಾವೆ, ಕೋಟಿಗಟ್ಟಲೆ ಜ್ಯೋತಿರ್ವರ್ಷ ಆಚೆ. ಅಷ್ಟು ದೂರ ಇರೋದ್ರಿಂದ ಅವು ಅಲ್ಲಾಡೋದೇ ಕಾಣಲ್ಲ. ಆಕಾಶಕ್ಕೆ ಹೊಡೆದ ಗೂಟ ಅನ್ಕೊಳ್ಳಿ. ನಕ್ಷತ್ರ ಎಲ್ಲಿದೆ, ಭೂಮಿ ಎಷ್ಟು ತಿರುಗಿತು, ಎಲ್ಲಾ ಅಳೆಯೋದು ಆ ಗೂಟದಿಂದಲೇ. ಅದಕ್ಕೆ ಸಮುದ್ರದಾಚೆಯ ಇನ್ನೊಂದು ಡಿಶ್ಶೂ ನಮ್ಮದೂ ಒಂದೇ ಕ್ಷಣಕ್ಕೆ ಒಂದೇ ಕ್ವೇಸಾರ್ ನೋಡ್ಬೇಕು.

ಡಿಶ್ ಹತ್ತಿದವರು ಇಳಿದ ಮೇಲೆ ಏಣಿಗೆ ಸ್ಪ್ಯಾನರಿಂದ ಎರಡೇಟು ಹೊಡೀಬೇಕು. ಟಣ್... ಟಣ್. ಆಮೇಲೇ ತಿರುಗಿಸೋದು. ಈ ಪದ್ಧತಿ ತಂದಿದ್ದು ಗ್ರೀಸ್ ಮಾಮ ಅನ್ನೋ ಹಳೇ ಮೆಕ್ಯಾನಿಕ್. "ನಾನಿರೋವರೆಗೂ ಒಬ್ಬ ಮನುಷ್ಯ ಬೀಳಲ್ಲ, ಒಂದು ಕ್ವೇಸಾರ್ ತಪ್ಪಲ್ಲ" ಅಂತ ಜಂಬ ಕೊಚ್ಕೊಳ್ಳೋರು. ಪಾಪ, ಹಾಸಿಗೆ ಹಿಡಿದು ಹೋಗ್ಬಿಟ್ರು. ಅದಾಗಿ ವರ್ಷವಾಗಿತ್ತು.

ಆ ರಾತ್ರಿ ಭಾವ ಪಾಳಿ ಮುಗಿಸಿ, "ಮೇಲೆ ಯಾರೂ ಇಲ್ಲ" ಅಂತ ರುಜು ಹಾಕಿ ಮನೆಗೆ ಹೊರಟರು. ದಾರೀಲಿ ಪಾಳುಬಾವಿ. ಅದರ ತುಕ್ಕು ಹಿಡಿದ ರಾಟೆಯಿಂದ ಸದ್ದು ಬಂತು.

ಟಣ್...

ನಿಂತರು. ಎರಡನೇದಕ್ಕೆ ಕಾದರು. ಬರಲಿಲ್ಲ. ಒಂದು ಎಲೆಯೂ ಅಲ್ಲಾಡ್ತಿಲ್ಲ.

ಆಗ ನೆನಪಾಯ್ತು. ಸಂಜೆ ಬಣ್ಣ ಬಳಿಯೋನು ಡಿಶ್ ಹತ್ತಿದ್ದ... ಅವನು ಇಳಿದ ಎರಡೇಟು ತಾನು ಕೇಳೇ ಇಲ್ಲ!

ಎದ್ದೆನೋ ಬಿದ್ದೆನೋ ಅಂತ ವಾಪಸ್ ಓಡಿದರು. ಡಿಶ್ ತಿರುಗಿಸೋ ಮುಂಚೆ ಕೂಗೋ ಸೈರನ್ ಊಂ... ಅಂತಿದೆ. ರಾತ್ರಿ ಪಾಳಿಯ ಹುಡುಗನ ಬೆರಳು ಗುಂಡಿ ಮೇಲೆ.

"ಬೇಡ ಕಣೋ..." ಭಾವ ಅವನ ಕೈ ಹಿಡಿದೆಳೆದರು.

"ಇನ್ನು ಎರಡೇ ನಿಮಿಷ ಸಾರ್. ಕ್ವೇಸಾರ್ ತಪ್ಪುತ್ತೆ..."

"ತಪ್ಪಲಿ. ಮೇಲೆ ಮನುಷ್ಯ ಇದಾನೆ."

ಏಣಿ ಹತ್ತಿ ಟಾರ್ಚ್ ಬಿಟ್ಟರೆ, ಡಿಶ್ಶಿನ ಬಟ್ಟಲೊಳಗೆ ಬಣ್ಣದವನು ಗೊರಕೆ ಹೊಡೀತಿದಾನೆ, ಸೈರನ್‌ಗೂ ಏಳದ ಕುಂಭಕರ್ಣ! ವಾಲಿಸಿದ್ದಿದ್ರೆ ಎಪ್ಪತ್ತಡಿ ಕೆಳಗೆ. ಭಾವ ಅವನನ್ನ ತಬ್ಬಿಕೊಂಡು ಅತ್ತೇಬಿಟ್ರಂತೆ. ಆಮೇಲೆ ಪುಸ್ತಕದಲ್ಲಿ ತಾವೇ ಬರೆದರು: "ಡಿಶ್ ತಿರುಗಿಸಲಿಲ್ಲ. ಕ್ವೇಸಾರ್ ತಪ್ಪಿತು."

ತಿಂಗಳಾದ ಮೇಲೆ ಎರಡೂ ಡಿಶ್ಶಿನ ದಾಖಲೆ ಹೋಲಿಸಿದ ಕಾಗದ ಬಂತು. ಆ ರಾತ್ರಿಯ ಕ್ವೇಸಾರ್‌ಗಳು ಎಲ್ಲವೂ ತಾಳೆ ಆಗಿದ್ವು. ತಪ್ಪಿತು ಅಂತ ಬರೆದಿದ್ದ ಅದೊಂದೂ ಸೇರಿ. ಅದು ಇದ್ದಿದ್ದು ದಿಗಂತದ ಹತ್ತಿರ. ನಮ್ಮ ಡಿಶ್ಶಿನ ಮುಖ ಆಗ ನೆಟ್ಟಗೆ ನೆತ್ತಿ ಮೇಲಿತ್ತು.

ಕತೆ ಕಟ್ತಿದೀನಾ ನಾನು? ಹೋಗಿ ನೋಡ್ಕೊಂಡು ಬನ್ನಿ. ತಪ್ಪಿತು ಅಂತ ಭಾವ ಬರೆದ ಪುಸ್ತಕ, ಸಿಕ್ಕಿತು ಅಂತ ಬಂದ ಕಾಗದ... ಎರಡೂ ಒಂದೇ ಕಪಾಟಿನಲ್ಲಿವೆ.