ದಾಕ್ಷಿಣ್ಯದ ಜಾಗ

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಹಿರಿಯ ವೈದ್ಯರೇ, ಸಭಿಕರೇ, ಮತ್ತು ಈಗಷ್ಟೇ ಮೊದಲ ಸಾಲಿನಿಂದ ಅಧ್ಯಕ್ಷರಿಗೆ "ಸಾಕು, ಕೂತ್ಕೊಳ್ಳಿ" ಎಂದ ನನ್ನ ಹೆಂಡತಿಯೇ,

ಸನ್ಮಾನ ಅವಳದು, ಮಾತಿನ ಭಾರ ನನ್ನದು. ನಾನು ಹಲ್ಲಿನ ವೈದ್ಯ. ಜನರ ಬಾಯಿ ತೆರೆಸುವುದು ನನ್ನ ಕಸುಬು. ಜನ ಬಾಯಿ ಮುಚ್ಚಿಕೊಂಡು ಹೇಗಿರುತ್ತಾರೆ ಎಂದು ಹುಡುಕುವುದು ಅವಳದಾಗಿತ್ತು. ಮನಸ್ಸಿಗೆ ಬಂದದ್ದೆಲ್ಲ ನಾಲಿಗೆಗೆ ಬರದಂತೆ ತಡೆಯುವುದರಲ್ಲಿ ಹಣೆಯ ಹಿಂದಿನ ಮಿದುಳಿನ ಪಾಲು ದೊಡ್ಡದು ಎಂದು ನಿಮಗೆಲ್ಲ ಪಾಠ ಹೇಳಿದವಳು ಅವಳೇ ಅಲ್ಲವೇ? ಮಿದುಳಿನ ಆ ಭಾಗಕ್ಕೆ ನಾವು ಮನೆಯಲ್ಲಿ ಇಟ್ಟ ಹೆಸರು ದಾಕ್ಷಿಣ್ಯದ ಜಾಗ. ಅದು ಸವೆದುಹೋಗುವ ಕಾಯಿಲೆಗೇ ಅವಳು ತನ್ನ ವೃತ್ತಿಯನ್ನೆಲ್ಲ ಸವೆಸಿದಳು. ಹೋದ ವರ್ಷ ಅದೇ ಕಾಯಿಲೆ ಅವಳಿಗೂ ಬಂತು.

ಅದರಲ್ಲೂ ತಮಾಷೆಗಳಿವೆ. ನನ್ನ ಅತ್ತಿಗೆ ಹಾಡಲು ಗಂಟಲು ಸರಿಮಾಡಿಕೊಂಡಾಗ ಇವಳು, "ನಿಮ್ಮ ಹಾಡು ಯಾರಿಗೂ ಇಷ್ಟ ಇಲ್ಲ" ಎಂದುಬಿಟ್ಟಳು. ವರ್ಷಗಟ್ಟಲೆ ಚಪ್ಪಾಳೆ ತಟ್ಟಿದ್ದ ನಾವೆಲ್ಲ ನೆಲ ನೋಡುತ್ತಾ ಕೂತೆವು.

ಆಮೇಲೊಂದು ಬೆಳಗ್ಗೆ, ಬ್ರೆಡ್ಡಿಗೆ ಬೆಣ್ಣೆ ಸವರುತ್ತಾ ನನಗೆ ಹೇಳಿದಳು: "ನಿಮ್ಮನ್ನ ದಾಕ್ಷಿಣ್ಯಕ್ಕೆ ಮದುವೆ ಆದೆ. ಅಷ್ಟು ದೂರ ಬಂದು ಕೇಳಿದ್ರಿ, ಇಲ್ಲ ಅನ್ನೋಕಾಗ್ಲಿಲ್ಲ." ಹೇಳಿ, ಬ್ರೆಡ್ಡು ತಿಂದಳು.

ಆ ದಿನ ಯಾರ ಹಲ್ಲನ್ನೂ ಮುಟ್ಟಲು ನನಗೆ ಧೈರ್ಯ ಬರಲಿಲ್ಲ. ಸಭಿಕರೇ, ನನ್ನ ಕುರ್ಚಿಯಲ್ಲಿ ಕೂತವರು "ನೋವಿಲ್ಲ ಡಾಕ್ಟ್ರೇ" ಎಂದರೆ ನಾನು ನಂಬುವುದಿಲ್ಲ. ಕುರ್ಚಿಯ ಕೈ ಹಿಡಿದಿರುವ ಅವರ ಬೆರಳು ನೋಡುತ್ತೇನೆ. ಮನೆಯಲ್ಲಿ ಮಾತ್ರ ಮಾತನ್ನೇ ನಂಬಿದೆ. ನನಗೋಸ್ಕರ ತನಗೆ ಸಿಕ್ಕ ದೂರದ ದೊಡ್ಡ ಕೆಲಸ ಬಿಟ್ಟಾಗ "ಪರವಾಗಿಲ್ಲ" ಎಂದಳು. ಮಕ್ಕಳು ಬೇಡವೆಂದು ನಾನು ಹೇಳಿದಾಗಲೂ "ಪರವಾಗಿಲ್ಲ" ಎಂದಳು. ಅವಳ ಬೆರಳು ಏಕೆ ನೋಡಲಿಲ್ಲ? ಇದನ್ನು ಇಲ್ಲಿ ಹೇಳಬೇಕೆಂದು ಬಂದವನಲ್ಲ, ಕ್ಷಮಿಸಿ.

ರೋಗಿಗಳ ಮನೆಯವರನ್ನು ಎದುರಿಗೆ ಕೂರಿಸಿಕೊಂಡು ಅವಳು ಹೇಳುತ್ತಿದ್ದ ಮಾತೊಂದಿತ್ತು: "ಇದು ಅವರ ಮಾತಲ್ಲ, ಕಾಯಿಲೆ ಆಡಿಸೋ ಮಾತು. ಮನಸ್ಸಿಗೆ ಹಚ್ಕೋಬೇಡಿ." ಎಷ್ಟೋ ಜನ ಕಣ್ಣೊರೆಸಿಕೊಂಡು, ಹಗುರಾಗಿ ಎದ್ದು ಹೋಗಿದ್ದಾರೆ. ನಾನೂ ಅದನ್ನೇ ಹಿಡಿದುಕೊಂಡು ದಿನ ತಳ್ಳುತ್ತಿದ್ದೇನೆ. ಆದರೆ ಆ ಮಾತು ಅವಳ ವಿದ್ಯೆಯಿಂದ ಬಂದದ್ದೋ, ಎದುರಿಗೆ ಅಳುತ್ತಾ ಕೂತವರ ದಾಕ್ಷಿಣ್ಯಕ್ಕೆ ಬಂದದ್ದೋ? ಕೇಳಬಹುದಾಗಿದ್ದಾಗ ಕೇಳಲಿಲ್ಲ. ಈಗ ಕೇಳಿದರೆ ಉತ್ತರ ಕೊಡುವವರು ಯಾರು, ಅವಳೋ, ಕಾಯಿಲೆಯೋ?

ಈ ಸಭಾಂಗಣದ ತುಂಬ ಅವಳ ಶಿಷ್ಯರಿದ್ದೀರಿ. ಉತ್ತರ ನಿಮಗೆ ಗೊತ್ತಿರುತ್ತದೆ. ಸಭೆ ಮುಗಿದ ಮೇಲೆ ದಯವಿಟ್ಟು ನನ್ನ ಬಳಿ ಬಂದು ಅದನ್ನು ಹೇಳಬೇಡಿ. ನೀವೆಲ್ಲ ದಾಕ್ಷಿಣ್ಯವುಳ್ಳವರು, ಏನು ಹೇಳುತ್ತೀರೆಂದು ನನಗೆ ಗೊತ್ತು.

ಅವಳ ಪರವಾಗಿ ಈ ಸಂಸ್ಥೆಗೆ ವಂದನೆಗಳು. ಇಷ್ಟು ಹೊತ್ತು ಯಾರೂ ಎದ್ದು ಹೋಗದೆ ಕೇಳಿದಿರಿ, ಅದಕ್ಕೆ ನಾನು ಋಣಿ. ನಮಸ್ಕಾರ.